ಹುಡಿಯ ಹಿಡಿತ

ನಗುವ ಸಂಗತಿಗಳು ನಾಟಕದ ಕಂಪೆನಿಗಿಂತ ಪ್ರಯೋಗಶಾಲೆಯಲ್ಲಿ ಹೆಚ್ಚು ನಡೆಯುತ್ತವೆ. ನಾಟಕದವರು ಅದಕ್ಕಾಗಿ ಅಭ್ಯಾಸ ಮಾಡಬೇಕು. ನಮಗೆ ಅದು ಬೇಡವೆಂದರೂ ವಾರಕ್ಕೊಮ್ಮೆಯಾದರೂ ತಾನಾಗಿ ಒದಗಿ ಬರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಔಷಧಗಳ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದೆ. ಮದ್ದಿನ ಹುಡಿ ಎಷ್ಟು ನಯವಾಗಿದ್ದರೆ ಅಷ್ಟು ಅಂಟುತ್ತದೆ. ಬಾಟಲಿಗೂ ಯಂತ್ರಕ್ಕೂ ಅಂಟಿ, ಕೊನೆಗೆ ತನಗೆ ತಾನೇ ಅಂಟಿಕೊಂಡು ಗಂಟಾಗುತ್ತದೆ. ಒಂದು ಕಣ ಇನ್ನೊಂದನ್ನು ಎಷ್ಟು ಬಲವಾಗಿ ಹಿಡಿದಿದೆ ಎಂದು ಅಳೆಯುವುದು ನಮ್ಮ ಕೆಲಸ. ಒಂದು ಸಾಸಿವೆ ಕಾಳನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟು ತೂಗೀತೋ, ಆ ಹಿಡಿತ ಸುಮಾರು ಅಷ್ಟು.

ನಮ್ಮ ಊರಾದ ಬೆಳ್ಮಣ್ಣಿನಲ್ಲಿ ಪಕ್ಕದ ಮನೆಯವರು ಒಮ್ಮೆ ಕೇಳಿದರು: “ನಿಮಗೆ ಅಲ್ಲಿ ಎಂತ ಕೆಲಸ ಮಾರಾಯ್ರೇ?”

ನಾನು ಹೇಳಿದೆ: “ಹುಡಿಯ ಕಣಗಳು ಒಂದಕ್ಕೊಂದು ಎಷ್ಟು ಅಂಟುತ್ತವೆ ಎಂದು ನೋಡುವುದು.”

ಅವರು ತಲೆಯಾಡಿಸಿದರು. “ಅದು ಸರಿ. ಮತ್ತೆ ಕೆಲಸ ಎಂತದ್ದು?”

ಕೋಣೆಯಲ್ಲಿ ನಾವು ಮೂವರು. ಒಬ್ಬರು ನಮ್ಮ ಪ್ರೊಫೆಸರರು, ಉಡುಪಿಯವರು. ಯಾರ ಮನಸ್ಸನ್ನೂ ನೋಯಿಸದಿರುವುದೇ ಅವರ ವ್ರತ; ಮೇಜಿಗೆ ಡಿಕ್ಕಿ ಹೊಡೆದರೆ ಮೇಜಿನ ಹತ್ತಿರವೂ ಕ್ಷಮೆ ಕೇಳುವಂಥವರು. ಇನ್ನೊಬ್ಬಳು ಕಲ್ಯಾಣಪುರದ ಹುಡುಗಿ, ಇದೇ ವಿಷಯದಲ್ಲಿ ಡಾಕ್ಟರೇಟಿಗೆ ಕೂತವಳು. ಮೂರನೆಯವನು ನಾನು. ಹುಡುಗಿಗೆ ಮಸ್ಕತ್ತಿನಲ್ಲಿದ್ದ ವರನೊಂದಿಗೆ ನಿಶ್ಚಯವಾಗಿತ್ತು. ಡಿಗ್ರಿ ಸಿಗದೆ ಮಸ್ಕತ್ತಿಗೆ ಹೋಗುವುದಿಲ್ಲ ಎಂದು ಅವಳ ಹಟ. ಒಮ್ಮೆ ಹೋದರೆ ಮತ್ತೆ ಈ ಕೋಣೆಗೆ ಬರುವುದುಂಟೇ ಎಂದು ಅವಳ ಭಯ. ಕಲ್ಯಾಣಪುರದಲ್ಲಿ ಬೇಕರಿ ಇಟ್ಟಿದ್ದ ಅವಳ ತಂದೆ ತಿಂಗಳಿಗೊಮ್ಮೆ ಬಂದು, ಬನ್ನಿನ ಕಟ್ಟನ್ನು ಮೇಜಿನ ಮೇಲಿಟ್ಟು, ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು: “ಸಾರ್, ಇನ್ನು ಎಷ್ಟು ಹುಡಿ ಬಾಕಿ ಉಂಟು?”

ಕಾರ್ಕಳದ ಬಸ್ಸು

ಹೋಲಿಕೆಗೆ ಕಲ್ಲಿನ ಹುಡಿ ಬೇಕಾಯಿತು. ಕಾರ್ಕಳದಲ್ಲಿ ಕಲ್ಲು ಕೊರೆಯುವಲ್ಲಿ ಅದು ಬೇಕಾದಷ್ಟು ಸಿಗುತ್ತದೆ. ಪ್ರೊಫೆಸರರು, ಹುಡುಗಿ, ನಾನು ಮೂವರೂ ಹೋಗಿ ಒಂದು ಡಬ್ಬಿ ತುಂಬ ತಂದೆವು. ಹಿಂದಿರುಗುವಾಗ ಬಸ್ಸಿನಲ್ಲಿ ನಿಲ್ಲಲು ಮಾತ್ರ ಜಾಗ. ಮುಂದೆ ಇನ್ನೊಂದು ಕಂಪೆನಿಯ ಬಸ್ಸು ಹೋಗುತ್ತಿತ್ತು. ಅದನ್ನು ಹಿಂದೆ ಹಾಕಬೇಕೆಂದು ನಮ್ಮ ಡ್ರೈವರ್ ಪ್ರತಿ ತಿರುವಿನಲ್ಲೂ ಪ್ರಯತ್ನಿಸುತ್ತಿದ್ದ.

ಕಂಡಕ್ಟರ್ ನನ್ನ ತೊಡೆಗೆ ತಾಗುತ್ತಿದ್ದ ಡಬ್ಬಿಯನ್ನು ನೋಡಿದ. “ಇದರಲ್ಲಿ ಎಂತ ಉಂಟು?”

“ಧೂಳು.”

“ಎಂತ?”

“ಧೂಳು. ಕಲ್ಲಿನದು. ಮಣಿಪಾಲಕ್ಕೆ.”

ಅವನು ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. “ಮಣಿಪಾಲದ ಧೂಳು ಖರ್ಚಾಯಿತಾ?”

ಸುತ್ತಲಿನವರು ನಕ್ಕರು. ಪ್ರೊಫೆಸರರಿಗೆ ಅವನನ್ನು ಅಜ್ಞಾನದಲ್ಲಿ ಬಿಟ್ಟು ಇಳಿಯಲು ಮನಸ್ಸಾಗಲಿಲ್ಲ. ಮೇಲಿನ ಸರಳನ್ನು ಹಿಡಿದುಕೊಂಡೇ ವಿವರಿಸತೊಡಗಿದರು: “ನೋಡಿ, ಒಂದು ಗಾಜಿನ ತುಂಡಿನ ಮೇಲೆ ಹುಡಿ ಉದುರಿಸುತ್ತೇವೆ. ಸೂಕ್ಷ್ಮದರ್ಶಕದಲ್ಲಿ ನೋಡಿ ಕಣಗಳನ್ನು ಎಣಿಸುತ್ತೇವೆ. ಮತ್ತೆ ಆ ಗಾಜನ್ನು ಯಂತ್ರದಲ್ಲಿಟ್ಟು ಗಿರಗಿರ ತಿರುಗಿಸುತ್ತೇವೆ. ಸಡಿಲವಾಗಿ ಹಿಡಿದ ಕಣ ಹಾರಿ ಹೋಗುತ್ತದೆ, ಗಟ್ಟಿಯಾಗಿ ಹಿಡಿದದ್ದು ನಿಲ್ಲುತ್ತದೆ. ಪುನಃ ಎಣಿಸುತ್ತೇವೆ. ಆಮೇಲೆ ಇನ್ನೂ ಜೋರಾಗಿ ತಿರುಗಿಸುತ್ತೇವೆ. ಎಷ್ಟು ವೇಗಕ್ಕೆ ಎಷ್ಟು ಬಿದ್ದವು ಎಂದು ಗೊತ್ತಾದರೆ ಹಿಡಿತ ಎಷ್ಟಿತ್ತೆಂದು ಲೆಕ್ಕ ಹಾಕಬಹುದು. ನಿಮ್ಮ ಬಸ್ಸೇ ಇದೆಯಲ್ಲ, ತಿರುವಿನಲ್ಲಿ ಸರಳು ಹಿಡಿಯದವರು ಬೀಳುತ್ತಾರೆ, ಹಿಡಿದವರು ನಿಲ್ಲುತ್ತಾರೆ. ಅಷ್ಟೇ.”

ಅಷ್ಟರಲ್ಲಿ ಒಂದು ದೊಡ್ಡ ತಿರುವು ಬಂತು. ಬಸ್ಸು ಪೂರ್ತಿ ಒಂದು ಬದಿಗೆ ವಾಲಿತು. ನಾವೆಲ್ಲ ಒಟ್ಟಾಗಿ ವಾಲಿ, ಒಟ್ಟಾಗಿ ನೆಟ್ಟಗಾದೆವು.

ಕಂಡಕ್ಟರ್ ಪ್ರೊಫೆಸರರ ಕಡೆ ನೋಡಿ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ: “ನಮ್ಮ ಬಸ್ಸಿನಲ್ಲಿ ನಿಮ್ಮ ಲೆಕ್ಕ ನಡೆಯುವುದಿಲ್ಲ ಸಾರ್. ಬೀಳಲಿಕ್ಕೆ ಜಾಗ ಬೇಕಲ್ಲ?”

ಒರೆಸಬಾರದ ಧೂಳು

ಗಾಜಿನ ಮೇಲೆ ಹುಡಿ ಉದುರಿಸಿದ ಮೇಲೆ ಅದನ್ನು ಒಂದು ದಿನ ಹಾಗೆಯೇ ಬಿಡಬೇಕು. ಕಣಗಳು ಕೂತು ನೆಲೆಯಾಗಬೇಕು. ಹುಡುಗಿ ಹಾಗೆ ಒಂದು ಸಾಲು ಗಾಜುಗಳನ್ನು ಸಿದ್ಧಮಾಡಿ ಮನೆಗೆ ಹೋಗಿದ್ದಳು. ಮರುದಿನ ಬಂದು ನೋಡಿದರೆ ಗಾಜುಗಳೆಲ್ಲ ಇದ್ದವು. ಹುಡಿ ಮಾತ್ರ ಇರಲಿಲ್ಲ.

ಗುಡಿಸುವ ಅಕ್ಕ ಬಾಗಿಲಲ್ಲೇ ನಿಂತಿದ್ದರು. “ಎಷ್ಟು ಮಂಕಾಗಿದ್ದವು ಗೊತ್ತುಂಟಾ? ಸೆರಗಿನಲ್ಲಿ ಒಂದೊಂದನ್ನೂ ಒರೆಸಿ ಫಳಫಳ ಮಾಡಿ ಇಟ್ಟಿದ್ದೇನೆ. ನೀವು ಓದುವವರು, ನಿಮಗೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿ?”

ಹುಡುಗಿ ಸ್ಟೂಲಿನ ಮೇಲೆ ಕೂತುಬಿಟ್ಟಳು. ಪ್ರೊಫೆಸರರು ಅಕ್ಕನಿಗೆ ಕೈಮುಗಿದು “ಬಹಳ ಉಪಕಾರವಾಯಿತು” ಎಂದರು. ಅವರಿಗೆ ಬೇರೆ ಮಾತು ಬರುತ್ತಿರಲಿಲ್ಲ. ಆಮೇಲೆ ನನ್ನನ್ನು ಕರೆದು ಒಂದು ಬೋರ್ಡ್ ಬರೆದು ಹಾಕಲು ಹೇಳಿದರು. ನಾನು ದೊಡ್ಡ ಅಕ್ಷರಗಳಲ್ಲಿ ಬರೆದು ತೂಗುಹಾಕಿದೆ: ‘ಇಲ್ಲಿಯ ಧೂಳನ್ನು ಒರೆಸಬಾರದು.’

ಅಕ್ಕ ಅದನ್ನು ಓದಿ, ಪೊರಕೆ ಎತ್ತಿಕೊಂಡು ಹೋದರು.

ಅಂದಿನಿಂದ ಅವರು ಬೋರ್ಡನ್ನು ಅಕ್ಷರಶಃ ಪಾಲಿಸಿದರು. ಗಾಜುಗಳನ್ನು ಮಾತ್ರವಲ್ಲ, ಮೇಜು, ಕುರ್ಚಿ, ಕಿಟಕಿ, ಗಡಿಯಾರ ಯಾವುದನ್ನೂ ಮುಟ್ಟಲಿಲ್ಲ. ಹೇಳೋಣವೆಂದರೆ ಪ್ರೊಫೆಸರರು “ಬೇಡ, ಪಾಪ, ಅವರಿಗೆ ಬೇಸರವಾದೀತು” ಎನ್ನುತ್ತಿದ್ದರು. ಎರಡು ತಿಂಗಳಲ್ಲಿ ಕಿಟಕಿಯ ದಂಡೆಯಲ್ಲಿ ಬಸಳೆ ನೆಡಬಹುದಾಗಿತ್ತು.

ಒಂದು ದಿನ ಪ್ರಿನ್ಸಿಪಾಲರು ಯಾರೋ ಅತಿಥಿಗಳನ್ನು ಕರೆದುಕೊಂಡು ಕೋಣೆ ಕೋಣೆ ತೋರಿಸುತ್ತ ನಮ್ಮಲ್ಲಿಗೂ ಬಂದರು. ಅತಿಥಿಗಳು ಬೋರ್ಡನ್ನು ಎರಡು ಸಲ ಓದಿದರು. ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಕಿಟಕಿಯ ದಂಡೆಯ ಮೇಲೆ ಬೆರಳಿಂದ ಉದ್ದಕ್ಕೆ ಒಂದು ಗೆರೆ ಎಳೆದು, ಆ ಬೆರಳನ್ನು ಎತ್ತಿ, ಹೊರಗೆ ಗುಡಿಸುತ್ತಿದ್ದ ಅಕ್ಕನನ್ನು ಕರೆದರು.

“ಏನಿದು?”

ಅಕ್ಕ ಬೆರಳನ್ನು ನೋಡಿ ಗಾಬರಿಯಾದರು. “ಅಯ್ಯೋ, ಅದಕ್ಕೆ ಯಾಕೆ ಕೈ ಹಾಕಿದಿರಿ ಸಾರ್? ಅದು ಡಾಕ್ಟರೇಟಿನ ಧೂಳು. ಆ ಹುಡುಗಿಗೆ ಮದುವೆ ಆಗಲಿಕ್ಕೆ ಉಂಟು!”

ಪ್ರಿನ್ಸಿಪಾಲರಿಗೆ ಆ ಬೆರಳನ್ನು ಎಲ್ಲಿ ಒರೆಸುವುದೆಂದು ತಿಳಿಯಲಿಲ್ಲ. ಅದನ್ನು ಹಾಗೆಯೇ ಎತ್ತಿ ಹಿಡಿದುಕೊಂಡು ಅತಿಥಿಗಳೊಂದಿಗೆ ಮುಂದಿನ ಕೋಣೆಗೆ ಹೋದರು.

ಕಾಪುವಿನ ಮೆಣಸು

ಕಾಪು ಪೇಟೆಯಲ್ಲಿ ಮಸಾಲೆ ಹುಡಿಗಳ ಅಂಗಡಿ ಇಟ್ಟಿದ್ದ ಬ್ಯಾರಿ ಸಾಹೇಬರೊಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. ಅವರ ಕೈಯಲ್ಲಿ ಒಂದು ಬಟ್ಟೆಯ ಚೀಲ.

“ಸಾರ್, ಮಳೆ ಶುರುವಾದರೆ ನನ್ನ ಮೆಣಸಿನ ಹುಡಿ ಗಂಟು ಕಟ್ಟುತ್ತದೆ. ಗಿರಾಕಿಗಳು ಹಳೇ ಮಾಲು ಅಂತ ಹೇಳುತ್ತಾರೆ. ಹುಡಿ ಅಂಟದ ಹಾಗೆ ಮಾಡುವ ವಿದ್ಯೆ ನಿಮ್ಮಲ್ಲಿ ಉಂಟಂತೆ.”

ಪ್ರೊಫೆಸರರು ಹೇಳಿದರು: “ಅಂಟದ ಹಾಗೆ ಮಾಡುವುದಲ್ಲ ಸಾಹೇಬರೇ. ಎಷ್ಟು ಅಂಟುತ್ತದೆ ಎಂದು ಅಳೆಯುವುದು.”

“ಅಳೆದ ಮೇಲೆ ಬಿಡಿಸುವುದಿಲ್ವಾ?”

“ಇಲ್ಲ.”

“ಮತ್ತೆ ಎಂತ ಮಾಡುತ್ತೀರಿ?”

“ಬರೆದಿಡುತ್ತೇವೆ.”

ಸಾಹೇಬರು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಿ ಕಷ್ಟವಿದ್ದವರನ್ನು ನೋಡುವ ಹಾಗೆ ನೋಡಿದರು. ಪ್ರೊಫೆಸರರಿಗೆ ಅದನ್ನು ತಡೆಯಲಾಗಲಿಲ್ಲ. “ಇರಲಿ, ಒಮ್ಮೆ ತಿರುಗಿಸಿ ನೋಡುವ” ಎಂದರು.

ನಾನು ಗಾಜನ್ನು ಮುಂದಿಟ್ಟು, ಒಂದು ಚಿಟಿಕೆ ಸಾಕು ಎಂದೆ. ಸಾಹೇಬರು ಚೀಲಕ್ಕೆ ಕೈಹಾಕಿದರು. ಅಂಗಡಿಯವರ ಚಿಟಿಕೆ ಎಂದರೆ ನಮ್ಮ ನಿಮ್ಮ ಚಿಟಿಕೆಯಲ್ಲ. “ಸಾಕು, ಸಾಕು” ಎಂದರೂ “ಇರಲಿ ಸಾರ್, ಧಾರಾಳ ಹಾಕಿ, ನಿಮ್ಮಲ್ಲಿ ಎಂತ ಲೆಕ್ಕ” ಎಂದು ಯಂತ್ರದ ಬಟ್ಟಲಿಗೇ ಒಂದು ಹಿಡಿ ಸುರಿದರು. ಹುಡುಗಿ ಮುಚ್ಚಳ ಹಾಕಿದಳು. ಮುಚ್ಚಳದ ತಿರುಪು ಸವೆದಿದೆ ಎಂದು ನಮಗೆಲ್ಲ ಗೊತ್ತಾದದ್ದು ಯಂತ್ರ ಪೂರ್ಣ ವೇಗಕ್ಕೆ ಬಂದಾಗ.

ಒಂದು ‘ಠಪ್’ ಶಬ್ದ. ಕೋಣೆ ಕೆಂಪಾಯಿತು. ನಾವು ನಾಲ್ವರೂ ಕೆಮ್ಮುತ್ತ, ಸೀನುತ್ತ ಹೊರಗೆ ಓಡಿದೆವು. ಮೆಣಸು ನಮ್ಮ ಹಿಂದೆಯೇ ಬಂತು. ನಮ್ಮನ್ನು ದಾಟಿ, ವರಾಂಡದ ಗಾಳಿ ಹಿಡಿದು, ಪಕ್ಕದ ಸಭಾಂಗಣದ ಒಳಗೆ ಹೋಯಿತು.

ಅಲ್ಲಿ ಶೋಕಸಭೆ ನಡೆಯುತ್ತಿತ್ತು. ಎಷ್ಟೋ ಹಿಂದೆ ನಿವೃತ್ತರಾಗಿ ಊರಿಗೆ ಹೋಗಿದ್ದ ಕಾಲೇಜು ಕಚೇರಿಯ ಮೇನೇಜರೊಬ್ಬರು ತೀರಿಕೊಂಡಿದ್ದರು. ಸಭೆಯಲ್ಲಿದ್ದ ಹೆಚ್ಚಿನವರು ಅವರನ್ನು ಕಂಡವರೇ ಅಲ್ಲ. ಪ್ರಿನ್ಸಿಪಾಲರ ಸುತ್ತೋಲೆ ಕಂಡು ಬಂದವರು. ಮಾತಾಡುತ್ತಿದ್ದವರು “ಅವರು ಬಹಳ ಶಿಸ್ತಿನ ಮನುಷ್ಯ” ಎನ್ನುವಷ್ಟರಲ್ಲಿ ಗಂಟಲು ಕಟ್ಟಿ ಮುಂದೆ ಹೋಗಲಾರದೆ ಕೂತರು. ಮೊದಲ ಸಾಲಿನಲ್ಲಿ ಒಬ್ಬರು ಕರವಸ್ತ್ರ ತೆಗೆದರು, ಎರಡನೇ ಸಾಲಿನಲ್ಲಿ ಎಲ್ಲರೂ ತೆಗೆದರು. ಸ್ವಲ್ಪ ಹೊತ್ತಿನಲ್ಲಿ ಇಡೀ ಸಭೆ ಬಿಕ್ಕಿ ಬಿಕ್ಕಿ ಅಳುತ್ತಿತ್ತು.

ನಾವು ಬಾಗಿಲ ಹೊರಗೆ ನಿಂತಿದ್ದೆವು. ತೀರಿಕೊಂಡವರ ತಮ್ಮ ಹೊರಗೆ ಬಂದು, ಕಣ್ಣೊರೆಸಿಕೊಳ್ಳುತ್ತ ಪ್ರೊಫೆಸರರ ಕೈ ಹಿಡಿದುಕೊಂಡರು. “ಅಣ್ಣನ ಮೇಲೆ ಇಲ್ಲಿ ಇಷ್ಟು ಜನರಿಗೆ ಪ್ರೀತಿ ಇತ್ತೆಂದು ಮನೆಯವರಾದ ನಮಗೇ ಗೊತ್ತಿರಲಿಲ್ಲ.”

ಪ್ರೊಫೆಸರರ ಕಣ್ಣಿನಿಂದಲೂ ನೀರು ಧಾರೆಯಾಗಿ ಇಳಿಯುತ್ತಿತ್ತು. “ಬಹಳ... ಬಹಳ...” ಎಂದಷ್ಟೇ ಹೇಳಿದರು.

ಸಾಹೇಬರು ಟೊಪ್ಪಿಯಿಂದ ಮುಖ ಒರೆಸಿಕೊಂಡು ನನ್ನ ಕಿವಿಯ ಹತ್ತಿರ ಬಾಗಿದರು. “ಈಗಲಾದರೂ ಹೇಳಿ ಸಾರ್. ಇದು ಹಳೇ ಮಾಲಾ?”

ಯಂತ್ರವನ್ನು ಪೂರ್ತಿ ಬಿಚ್ಚಿ ತೊಳೆಯುವಷ್ಟರಲ್ಲಿ ಮಳೆಗಾಲ ಬಂದೇ ಬಿಟ್ಟಿತು. ಆ ತಿಂಗಳು ಬನ್ನು ತಂದ ಹುಡುಗಿಯ ತಂದೆ ಎಷ್ಟು ಹುಡಿ ಬಾಕಿ ಎಂದು ಕೇಳಲಿಲ್ಲ. ಕಟ್ಟನ್ನು ಮೇಜಿನ ಮೇಲಿಟ್ಟು, ಒಮ್ಮೆ ಸೀನಿ, ಹೋದರು.

ಬೇಕರಿಯ ಮಾಳಿಗೆ

ಮಳೆಗಾಲದಲ್ಲಿ ನಮ್ಮ ಕೆಲಸ ನಿಲ್ಲುತ್ತಿತ್ತು. ಗಾಳಿಯಲ್ಲಿ ನೀರಿನ ಪಸೆ ಹೆಚ್ಚಾದರೆ ಕಣಕ್ಕೂ ಗಾಜಿಗೂ ನಡುವೆ ಕಾಣದಷ್ಟು ನೀರು ನಿಂತು ಹಿಡಿತ ವಿಪರೀತ ಬಲವಾಗುತ್ತದೆ. ಎಷ್ಟು ತಿರುಗಿಸಿದರೂ ಒಂದು ಕಣವೂ ಹಾರುವುದಿಲ್ಲ. ಹೀಗಾದರೆ ಮುಂದಿನ ಬೇಸಿಗೆಗೆ ಪ್ರಬಂಧ ಮುಗಿಯುವುದಿಲ್ಲ, ಮೇ ತಿಂಗಳಿನಲ್ಲಿ ಮದುವೆ. ಆಷಾಢದಲ್ಲಿ ಉಡುಪಿಯಿಂದ ಕಾರ್ಕಳದವರೆಗೆ ಒಣಗಿದ ಜಾಗ ಎಲ್ಲಿಯಾದರೂ ಉಂಟೇ ಎಂದು ಪ್ರೊಫೆಸರರು ಕೇಳಿದರು.

ಹುಡುಗಿ ಮೆಲ್ಲಗೆ ಹೇಳಿದಳು: “ನಮ್ಮ ಬೇಕರಿಯ ಭಟ್ಟಿಯ ಮೇಲಿನ ಮಾಳಿಗೆ ಉಂಟು ಸರ್. ಅಲ್ಲಿ ಉಪ್ಪು ಕೂಡ ಒದ್ದೆಯಾಗುವುದಿಲ್ಲ.”

ಹುಡಿ ಉದುರಿಸಿದ ಗಾಜುಗಳನ್ನು ಒಂದು ಮರದ ಪೆಟ್ಟಿಗೆಯಲ್ಲಿಟ್ಟು ಅಲ್ಲಿಗೆ ಕಳಿಸಿದೆವು. ವಾರ ಕಳೆದು ತರಿಸಿ ನೋಡಿದರೆ ಗಾಜುಗಳು ಒಣಗಿದ್ದವು, ನಿಜ. ಆದರೆ ಕಣಗಳ ಸಂಖ್ಯೆ ದುಪ್ಪಟ್ಟಾಗಿತ್ತು. ಪ್ರೊಫೆಸರರು ಯೋಚಿಸಿ, ಸೂಕ್ಷ್ಮದರ್ಶಕಕ್ಕೆ ಬೆಳಕನ್ನು ಸೋಸುವ ಎರಡು ವಿಶೇಷ ಗಾಜುಗಳನ್ನು ಹಾಕಿದರು. ನೋಟ ಕತ್ತಲೆಯಾಯಿತು. ಆ ಕತ್ತಲೆಯಲ್ಲಿ ಹೊಸ ಕಣಗಳು ಮಾತ್ರ ದುಂಡಗೆ ಬೆಳಗುತ್ತಿದ್ದವು. ಪ್ರತಿಯೊಂದರ ನಡುವೆಯೂ ಸ್ಪಷ್ಟವಾಗಿ ಒಂದು ಕಪ್ಪು ಶಿಲುಬೆ.

“ಮೈದಾ” ಎಂದರು ಪ್ರೊಫೆಸರರು. ಹಿಟ್ಟಿನ ಕಣ ಆ ಬೆಳಕಿನಲ್ಲಿ ಹಾಗೆಯೇ ಕಾಣುವುದಂತೆ. ಬೇಕರಿಯ ಹಿಟ್ಟು ಪೆಟ್ಟಿಗೆಯ ಸಂದಿನಿಂದ ಒಳಗೆ ಹೋಗಿತ್ತು.

ಮರುದಿನ ಪೆಟ್ಟಿಗೆ ಒಯ್ಯಲು ಬಂದ ಹುಡುಗಿಯ ತಂದೆಗೆ ತಪ್ಪು ಎಲ್ಲಾಯಿತೆಂದು ತೋರಿಸೋಣವೆಂದು ಪ್ರೊಫೆಸರರು ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿದರು. ಅವರು ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. ತಲೆ ಎತ್ತಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಕೊಂಕಣಿಯಲ್ಲಿ ಏನೋ ಹೇಳಿ, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಸಂಜೆಗೆ ಅವರು ತಮ್ಮ ಇಗರ್ಜಿಯ ಫಾದರನ್ನು ಕರೆದುಕೊಂಡು ಬಂದರು. ವಯಸ್ಸಾದ, ಶಾಂತ ಸ್ವಭಾವದ ಫಾದರ್. ಕೊಡೆಯನ್ನು ಮೂಲೆಗೆ ಒರಗಿಸಿಟ್ಟು, ಕನ್ನಡಕ ತೆಗೆದು ನೋಡಿದರು.

“ಇದು ನಿಮ್ಮ ಬೇಕರಿಯದ್ದೇ?”

“ನಮ್ಮದೇ ಫಾದರ್! ಮೂವತ್ತು ವರ್ಷದಿಂದ ಈ ಕೈಯಲ್ಲಿ ನಾದುತ್ತಿದ್ದೇನೆ, ಗೊತ್ತೇ ಇರಲಿಲ್ಲ!” ತಂದೆ ಎರಡೂ ಅಂಗೈಗಳನ್ನು ಚಾಚಿ ತೋರಿಸಿದರು.

ಫಾದರ್ ಪ್ರೊಫೆಸರರ ಕಡೆ ತಿರುಗಿದರು. “ಬೇರೆಯವರ ಮೈದಾದಲ್ಲಿ?”

“ಅದರಲ್ಲೂ ಕಾಣುತ್ತದೆ ಫಾದರ್.”

“ಅಕ್ಕಿಯಲ್ಲಿ?”

“ಅದರಲ್ಲೂ. ಸ್ವಲ್ಪ ಸಣ್ಣದು.”

“ಉಡುಪಿಯ ಹೋಟೆಲಿನವರು ದೋಸೆಗೆ ನೆನೆಹಾಕುತ್ತಾರಲ್ಲ, ಆ ಬೆಳ್ತಿಗೆ ಅಕ್ಕಿಯಲ್ಲಿ?”

ಯಾರನ್ನೂ ನೋಯಿಸದ ಪ್ರೊಫೆಸರರು ಬಹಳ ಸಂಕೋಚದಿಂದ ಹೇಳಿದರು: “ಅದರಲ್ಲೂ ಉಂಟು ಫಾದರ್. ಆದರೆ ಬೇಯಿಸಿದ ಕೂಡಲೇ ಮಾಯವಾಗುತ್ತದೆ.”

ಫಾದರ್ ಕನ್ನಡಕ ಹಾಕಿಕೊಂಡು, ಕೊಡೆ ಎತ್ತಿಕೊಂಡು, ಸಮಾಧಾನದಿಂದ ಹೇಳಿದರು: “ಬೇಯಿಸಿದರೆ ಹೋಗುತ್ತದಲ್ಲ, ಒಳ್ಳೆಯದಾಯಿತು. ಎಲ್ಲರೂ ಬೇಯಿಸಿಯೇ ತಿನ್ನಲಿ. ಇದನ್ನು ಹೊರಗೆ ಯಾರಿಗೂ ಹೇಳುವುದು ಬೇಡ.”

ಪರೀಕ್ಷಕರ ಕುತ್ತಿಗೆ

ಪೆಟ್ಟಿಗೆಯ ಸಂದುಗಳಿಗೆ ಮೇಣ ಮೆತ್ತಿ, ಚಳಿಗಾಲದಲ್ಲಿ ಹಗಲೆಲ್ಲ ಕೂತು, ಹುಡುಗಿ ಹೇಗೋ ಕೆಲಸ ಮುಗಿಸಿದಳು. ಪ್ರಬಂಧ ಪರೀಕ್ಷಕರಿಗೆ ಹೋಯಿತು. ಘಟ್ಟದ ಮೇಲಿನ ದೊಡ್ಡ ವಿದ್ವಾಂಸರೊಬ್ಬರು. ಅವರು ಬರೆದು ಕಳಿಸಿದರು: ಫಲಿತಾಂಶ ಸಂಶಯ ಬರುವಷ್ಟು ಚೆನ್ನಾಗಿದೆ, ನನ್ನ ಕಣ್ಣೆದುರೇ ಒಂದು ಗಾಜನ್ನು ತಿರುಗಿಸಿ ತೋರಿಸಿದರೆ ಒಪ್ಪುತ್ತೇನೆ, ಇಲ್ಲವಾದರೆ ಪೂರ್ತಿ ಹೊಸದಾಗಿ ಮಾಡಬೇಕು.

ಮೌಖಿಕ ಪರೀಕ್ಷೆ ನಿಗದಿಯಾದದ್ದು ಏಪ್ರಿಲ್ ಕೊನೆಗೆ. ಮದುವೆಯ ಕಾಗದ ಆಗಲೇ ಅಚ್ಚಾಗಿತ್ತು. ಮಸ್ಕತ್ತಿನ ಹುಡುಗ ರಜೆಯ ಮೇಲೆ ಊರಿಗೆ ಬಂದು ಕೂತಿದ್ದ. ಹೊಸದಾಗಿ ಮಾಡುವುದೆಂದರೆ ಮಾಡದೇ ಇರುವುದೆಂದೇ ಅರ್ಥ ಎಂದು ನಮಗೆಲ್ಲ ಗೊತ್ತಿತ್ತು. ಪರೀಕ್ಷೆಯ ದಿನ ಅವಳು ಬಿಳಿ ಸೀರೆ ಉಟ್ಟು ಬಂದಿದ್ದಳು. ಮುಖವೂ ಅದೇ ಬಣ್ಣವಾಗಿತ್ತು.

ಪರೀಕ್ಷಕರು ಸ್ಥೂಲಕಾಯದವರು. ನಮ್ಮ ಕರಾವಳಿಯ ಸೆಖೆಗೆ ಹೊಸಬರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಕುತ್ತಿಗೆಗೆ ಪೌಡರು ಹಾಕಿಕೊಂಡಿದ್ದರು. ತಿಂಡಿಯ ನಂತರ ಸೆಖೆ ತಾಳದೆ ಅದರ ಮೇಲೆ ಇನ್ನೊಮ್ಮೆ, ಹೊರಡುವ ಮುಂಚೆ ಮತ್ತೊಮ್ಮೆ ಹಾಕಿಕೊಂಡಿದ್ದರು. ಆ ಕಾಲದಲ್ಲಿ ಸೆಖೆಗೆ ಅದೇ ಮದ್ದು. ಪೌಡರು ಬಳಿದ ಕುತ್ತಿಗೆ ಸ್ನಾನ ಮಾಡಿದ ಸಜ್ಜನರ ಗುರುತು. ಅವರು ಕೋಣೆಗೆ ಬಂದಾಗ ಮಲ್ಲಿಗೆಯ ಪರಿಮಳ ಅವರಿಗಿಂತ ಮುಂಚೆ ಬಂತು.

“ಏನಮ್ಮ, ಶುರು ಮಾಡೋಣ್ವಾ?” ಎಂದರು.

ಅವಳು ಗಾಜನ್ನು ಇಟ್ಟಳು. ಅದರ ಮೇಲೆ ಉದುರಿಸಿದ್ದು ಅತಿ ಸಣ್ಣ ಗಾಜಿನ ಮಣಿಗಳನ್ನು. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಉರುಟುರುಟಾಗಿ ಕಾಣುತ್ತವೆ. ಅವರು ಬಗ್ಗಿ ತಾವೇ ಎಣಿಸಿದರು, ಕಾಗದದಲ್ಲಿ ಬರೆದುಕೊಂಡರು. ನಾನು ಯಂತ್ರ ತಿರುಗಿಸಿದೆ. ಗಾಜನ್ನು ಪುನಃ ಇಟ್ಟೆವು. ಅವರು ಪುನಃ ಬಗ್ಗಿದರು. ಎಣಿಸಿದರು. ನಿಲ್ಲಿಸಿದರು. ಮತ್ತೆ ಎಣಿಸಿದರು.

“ತಿರುಗಿಸಿದ ಮೇಲೆ ಕಣ ಕಡಿಮೆ ಆಗ್ಬೇಕಲ್ವೇನಮ್ಮ?”

“ಹೌದು ಸರ್.”

“ಇಲ್ಲಿ ಜಾಸ್ತಿ ಆಗಿದೆ.”

ಕೋಣೆಯಲ್ಲಿ ಫ್ಯಾನಿನ ಶಬ್ದವೂ ಇರಲಿಲ್ಲ. ಹುಡಿ ಹಾರಬಾರದೆಂದು ಅದನ್ನು ನಿಲ್ಲಿಸಿದ್ದೆವು. ಪ್ರೊಫೆಸರರು ಗೋಡೆಗೆ ಒರಗಿ ನಿಂತರು. ಪರೀಕ್ಷಕರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. “ನಾನು ಬರೆದಿದ್ದೆನಲ್ಲ? ಈ ವಿಧಾನದಲ್ಲೇ ದೋಷ ಇದೆ. ತಿರುಗಿಸಿದರೆ ಕಣ ಹುಟ್ಟುತ್ತೆ ಅಂದ್ರೆ ಇದು ವಿಜ್ಞಾನ ಅಲ್ಲ, ಪವಾಡ.” ಹಾಗೆ ಹೇಳಿ, ನಂಬಲಾರದೆ ಇನ್ನೊಮ್ಮೆ ಬಗ್ಗಿದರು.

ಅವರು ಬಗ್ಗಿದಾಗ ನಮಗೆ ಮೂವರಿಗೂ ಕಂಡಿತು. ಕುತ್ತಿಗೆಯ ಮಡಿಕೆ ಮಡಚಿದ ಕೂಡಲೇ, ಕಿಟಕಿಯ ಬಿಸಿಲಿನಲ್ಲಿ, ಬಹಳ ಮೃದುವಾಗಿ, ಮಂಜು ಇಳಿದ ಹಾಗೆ ಪೌಡರು ಇಳಿಯುತ್ತಿತ್ತು.

ನಾನು ಪ್ರೊಫೆಸರರ ಮುಖ ನೋಡಿದೆ. ಅವರು ಕಣ್ಣಿನಲ್ಲೇ ‘ಬೇಡ’ ಎಂದರು. ಪರೀಕ್ಷಕರಿಗೆ, ಅತಿಥಿಗೆ, ಹಿರಿಯರಿಗೆ, ಸ್ವಾಮಿ ನಿಮ್ಮ ಕುತ್ತಿಗೆ ಉದುರುತ್ತಿದೆ ಎಂದು ಹೇಳುವುದು ಹೇಗೆ? ಹೇಳದಿದ್ದರೆ ಅವಳ ವರ್ಷಗಳ ಕೆಲಸ ಹೋಗುತ್ತದೆ. ಹೇಳಿದರೂ ಹೋಗಬಹುದು.

ಹುಡುಗಿ ಯಾರ ಮುಖವನ್ನೂ ನೋಡಲಿಲ್ಲ. ಒಂದು ಹೊಸ ಗಾಜು ತೆಗೆದು, ಚೆನ್ನಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಅವರ ಗಲ್ಲದ ಕೆಳಗೆ ಮೇಜಿನ ಮೇಲೆ ಇಟ್ಟಳು. ಸ್ವಲ್ಪ ಹೊತ್ತು ಬಿಟ್ಟಳು. ಆಮೇಲೆ “ಸರ್, ಇದನ್ನೊಮ್ಮೆ ಎಣಿಸುತ್ತೀರಾ?” ಎಂದು ಅದನ್ನು ಸೂಕ್ಷ್ಮದರ್ಶಕದಡಿಗೆ ಸರಿಸಿದಳು.

ಅವರು ನೋಡಿದರು. “ಇದರಲ್ಲೂ ಇದೆಯಲ್ಲ. ಆದರೆ ಇವು ದುಂಡಗಿಲ್ಲ. ಅವಲಕ್ಕಿ ಥರ ಚಪ್ಪಟೆ ಇವೆ.”

“ಹಿಂದಿನ ಗಾಜಿನಲ್ಲಿ ಹೆಚ್ಚಾದ ಕಣಗಳೂ ಚಪ್ಪಟೆಯಾಗಿಯೇ ಇರಬೇಕು ಸರ್.”

ಅವರು ಹಿಂದಿನ ಗಾಜನ್ನು ಪುನಃ ನೋಡಿದರು. “ಹೌದು. ಇದ್ಯಾವ ಮಾದರಿ, ಈ ಎರಡನೇದು?”

“ಮಾದರಿ ಅಲ್ಲ ಸರ್. ಬರೀ ಗಾಜು. ತಾವು ನೋಡುತ್ತಿದ್ದಾಗ ಮೇಜಿನ ಮೇಲೆ ಇತ್ತು, ಅಷ್ಟೇ.”

ಪರೀಕ್ಷಕರು ತಲೆ ಎತ್ತಿ ಮಾಡಿನ ಕಡೆ ನೋಡಿದರು. “ಸುಣ್ಣ ಉದುರ್ತಿರಬೇಕು.”

ಪ್ರೊಫೆಸರರಿಗೆ ಜೀವ ಬಂತು. “ಹೌದು, ಹೌದು! ಸುಣ್ಣವೇ! ಬಹಳ ಹಳೆಯ ಕಟ್ಟಡ ಸಾರ್!” ಅದು ಕಟ್ಟಿ ಹೆಚ್ಚು ಸಮಯವಾಗಿರಲಿಲ್ಲ.

ಹುಡುಗಿ ಒಂದು ಕ್ಷಣ ತಡೆದಳು. ಎರಡೂ ಕೈಗಳಿಂದ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದಳು. “ಸುಣ್ಣಕ್ಕೆ ಮಲ್ಲಿಗೆಯ ಪರಿಮಳ ಇರುವುದಿಲ್ಲ ಸರ್” ಎಂದಳು.

ಪ್ರೊಫೆಸರರು ಕಣ್ಣು ಮುಚ್ಚಿಕೊಂಡರು.

ಪರೀಕ್ಷಕರ ಕೈ ತಾನಾಗಿ ಮೇಲೆ ಹೋಗಿ ಕುತ್ತಿಗೆಯನ್ನು ಮುಟ್ಟಿತು. ಬೆರಳನ್ನು ನೋಡಿಕೊಂಡರು. ಮೇಜಿನ ಮೇಲೆ ಅವರ ಗಲ್ಲದ ಕೆಳಗೆ ಅರ್ಧಚಂದ್ರಾಕಾರವಾಗಿ ಬಿದ್ದಿದ್ದ ಬಿಳುಪನ್ನೂ ನೋಡಿದರು. ಬಹಳ ನಿಧಾನವಾಗಿ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡು, “ಇನ್ನೊಂದು ಗಾಜು ಇಡಿ” ಎಂದರು.

ಈ ಸಲ ಅವರು ಉಸಿರು ಬಿಗಿಹಿಡಿದು, ಗಲ್ಲವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಹಲ್ಲುನೋವಿನವರ ಹಾಗೆ ಬಗ್ಗಿದರು. ತಿರುಗಿಸುವ ಮುಂಚೆ ಎಣಿಸಿದರು, ನಂತರ ಎಣಿಸಿದರು. ಪ್ರಬಂಧದಲ್ಲಿ ಎಷ್ಟು ಬರೆದಿತ್ತೋ ಸುಮಾರಾಗಿ ಅಷ್ಟೇ ಉಳಿದಿದ್ದವು. ಅವರು ಕುರ್ಚಿಯಲ್ಲಿ ಕೂತು ಪೆನ್ನು ತೆಗೆದರು. ಬರೆಯುವ ಮುಂಚೆ ತಡೆದರು.

“ಒಂದು ಪ್ರಶ್ನೆ ಉಳ್ಕೊಂಡಿದೆ. ತೇವ ಜಾಸ್ತಿಯಾದಷ್ಟೂ ಪುಡಿ ಗಟ್ಟಿಯಾಗಿ ಅಂಟುತ್ತೆ ಅಂತ ಇಡೀ ಅಧ್ಯಾಯ ಬರೆದಿದ್ದೀರಿ. ನಾನು ಈ ಊರಿಗೆ ಬಂದಾಗಿನಿಂದ ಬೆವರ್ತಾನೇ ಇದ್ದೀನಿ, ಇವತ್ತೇ ಮೂರು ಸಲ ಪೌಡರ್ ಹಾಕಿದ್ದೀನಿ. ನಿಮ್ಮ ಸಿದ್ಧಾಂತ ನಿಜವಾದರೆ ನನ್ನ ಪೌಡರ್ ಯಾಕಮ್ಮ ಉದುರ್ತು?”

ಅದು ನಿಜವಾದ ಪ್ರಶ್ನೆ. ಪ್ರೊಫೆಸರರು ಪ್ರಬಂಧ ತೆಗೆದು ಆ ಅಧ್ಯಾಯವನ್ನು ಹುಡುಕತೊಡಗಿದರು.

ಅವಳ ಮುಖಕ್ಕೆ ಬಣ್ಣ ಬಂತು. ಅಷ್ಟು ದಿನದಲ್ಲಿ ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಮೊದಲ ಬಾರಿ ಕೇಳಿದೆ: “ಸಿದ್ಧಾಂತ ಸರಿ ಉಂಟು ಸರ್. ಬೆವರಿಗೆ ತಾಗಿದ ಮೊದಲನೇ ಪದರ ಉದುರಲೇ ಇಲ್ಲ. ತಾವು ಒರೆಸಿದರೂ ಹೋಗಿಲ್ಲ, ಈಗಲೂ ಅಲ್ಲೇ ಉಂಟು. ಉದುರಿದ್ದು ಅದರ ಮೇಲೆ ತಾವು ಹಾಕಿದ ಎರಡನೆಯದು ಮತ್ತು ಮೂರನೆಯದು.”

ಪರೀಕ್ಷಕರು ಪೆನ್ನನ್ನು ಕೆಳಗಿಟ್ಟರು. ಆಮೇಲೆ ಸೂಕ್ಷ್ಮದರ್ಶಕದ ಕೆಳಗಿರುವ ಪುಟ್ಟ ಕನ್ನಡಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಗಲ್ಲ ಎತ್ತಿ, ಆ ಬದಿ ಈ ಬದಿ ಮಾಡಿ ತಮ್ಮ ಕುತ್ತಿಗೆಯನ್ನು ಪರಿಶೀಲಿಸಿದರು.

“ಸರಿ” ಎಂದರು. “ಮೊದಲನೇದು ಇದೆ.”

ಹೇಳಿ, ಸಹಿ ಹಾಕಿದರು.